ಬಿಸಿಲೂರಿನ ಹಿತ್ತಿಲ ಕೊಳಕ್ಕೆ ಎಂಥ ಫಿಲ್ಟರ್? ಅಳತೆಯಿಂದ ನಿರ್ವಹಣೆಯವರೆಗೆ

ರಾಯಚೂರಿನಲ್ಲಿ ಹಿತ್ತಿಲ ಕೊಳಕ್ಕೆ ಫಿಲ್ಟರ್ ಕೊಳ್ಳಲು ಹೊರಟವರ ಮುಂದೆ ಅಂಗಡಿಯವರು ಇಡುವ ಡಬ್ಬಿಯ ಮೇಲೆ ‘5000 ಲೀಟರ್ ಕೊಳಕ್ಕೆ’ ಎಂದು ಮುದ್ರಿಸಿರುತ್ತದೆ. ಆ ಅಂಕಿ ಯಾವ ಊರಿನ ಬಿಸಿಲಿಗೆ, ಎಂಥ ನೀರಿಗೆ, ಎಷ್ಟು ಮೀನಿಗೆ ಲೆಕ್ಕ ಹಾಕಿದ್ದು ಎಂಬುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ. ನಾನೂ ಅಂಥದೊಂದು ಮುಚ್ಚಿದ ಫಿಲ್ಟರನ್ನು ನಂಬಿ ತಂದಿದ್ದೆ. ಮೇ ತಿಂಗಳ ಒಂದು ರಾತ್ರಿ ಏಳು ತಾಸು ಕರೆಂಟ್ ಇರಲಿಲ್ಲ. ಬೆಳಗಿನ ಜಾವ ಕರೆಂಟ್ ಬಂದೊಡನೆ ಪಂಪು ತಾನಾಗಿ ಓಡಿ, ಡಬ್ಬಿಯೊಳಗೆ ಉಸಿರುಗಟ್ಟಿ ಕೊಳೆತಿದ್ದ ಕಪ್ಪು ನೀರನ್ನೆಲ್ಲ ಕೊಳಕ್ಕೆ ಕಾರಿತು. ಸೂರ್ಯ ಮೇಲೇರುವ ಹೊತ್ತಿಗೆ ಹನ್ನೊಂದು ಗೋಲ್ಡ್‌ಫಿಶ್‌ಗಳಲ್ಲಿ ಎಂಟು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಸಿಲು, ಗಡಸು ನೀರು, ಕೈಕೊಡುವ ಕರೆಂಟ್ ಎಂಬ ಮೂರನ್ನೂ ಮೊದಲು ಲೆಕ್ಕಕ್ಕೆ ತೆಗೆದುಕೊಂಡು, ಆಮೇಲೆ ಫಿಲ್ಟರಿನ ಕಡೆ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ನೀರನ್ನು ಅಳೆಯಿರಿ, ಮೇವನ್ನು ತೂಗಿರಿ

ಕೊಳದ ಉದ್ದ, ಅಗಲ ಮತ್ತು ಸರಾಸರಿ ಆಳವನ್ನು ಅಡಿಗಳಲ್ಲಿ ಅಳೆದು ಗುಣಿಸಿದರೆ ಘನ ಅಡಿ ಸಿಗುತ್ತದೆ, ಅದನ್ನು 28.3ರಿಂದ ಗುಣಿಸಿದರೆ ಲೀಟರಿನ ಲೆಕ್ಕ ಬರುತ್ತದೆ. ಕೊಳ ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿದ್ದರೆ ಬಂದ ಮೊತ್ತವನ್ನು ಮತ್ತೆ 0.8ರಿಂದ ಗುಣಿಸಬೇಕು. ಸರಾಸರಿ ಆಳವೆಂದರೆ ನಡುವಿನ ಆಳವಲ್ಲ. ನಾಲ್ಕೈದು ಕಡೆ ಕೋಲು ಇಳಿಸಿ ನೋಡಿ ಸರಾಸರಿ ತೆಗೆಯಿರಿ. ಹತ್ತು ಅಡಿ ಉದ್ದ, ಏಳು ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳದಲ್ಲಿ 175 ಘನ ಅಡಿ, ಅಂದರೆ ಹೆಚ್ಚುಕಡಿಮೆ 5000 ಲೀಟರ್ ನೀರಿರುತ್ತದೆ. ಮುಂದಿನ ಉದಾಹರಣೆಗಳೆಲ್ಲ ಇದೇ ಕೊಳದವು.

ಫಿಲ್ಟರಿನ ಮೇಲೆ ಬೀಳುವ ಭಾರವನ್ನು ನೀರಿನ ಪ್ರಮಾಣಕ್ಕಿಂತಲೂ ಮೀನಿಗೆ ಹಾಕುವ ಮೇವು ನಿರ್ಧರಿಸುತ್ತದೆ. ಶೇ. 30ರಷ್ಟು ಪ್ರೋಟೀನ್ ಇರುವ ಒಂದು ಕಿಲೋ ಮೇವನ್ನು ಮೀನು ತಿಂದರೆ ಸುಮಾರು 28 ಗ್ರಾಂ ಅಮೋನಿಯಾ ಸಾರಜನಕ (ಅಮೋನಿಯಾ ರೂಪದ ಸಾರಜನಕ) ನೀರಿಗೆ ಸೇರುತ್ತದೆ. ದಿನಕ್ಕೆ 50 ಗ್ರಾಂ ಹಾಕಿದರೆ 1.4 ಗ್ರಾಂ, ಅಂದರೆ ನಮ್ಮ 5000 ಲೀಟರಿನ ಕೊಳದಲ್ಲಿ ದಿನವೊಂದಕ್ಕೆ ಲೀಟರಿಗೆ 0.28 ಮಿ.ಗ್ರಾಂ. ಏರಿಕೆ. ಕೇಳಲು ಸಣ್ಣದೆನಿಸುವ ಈ ಅಂಕಿ ನಮ್ಮ ಊರಿನಲ್ಲಿ ಸಣ್ಣದಲ್ಲ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅದರಲ್ಲಿ ವಿಷಕಾರಿಯಾದ ರೂಪದ ಪಾಲು ಬಿಸಿ ಏರಿದಂತೆ, ನೀರಿನ ಕ್ಷಾರ ಹೆಚ್ಚಿದಂತೆ ಬೆಳೆಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) 7 ಇದ್ದರೆ ವಿಷಕಾರಿ ಭಾಗ ಶೇ. 1ಕ್ಕಿಂತ ಕಡಿಮೆ, ಅದೇ ಬಿಸಿಯಲ್ಲಿ ಪಿಎಚ್ 8.5 ಆದರೆ ಶೇ. 20. ಲೀಟರಿಗೆ 0.05 ಮಿ.ಗ್ರಾಂ. ವಿಷಕಾರಿ ಅಮೋನಿಯಾ ದಾಟಿತೆಂದರೆ ಮೀನಿನ ಕಿವಿರಿಗೆ ಪೆಟ್ಟು. ಬೇಸಿಗೆಯಲ್ಲಿ ಫಿಲ್ಟರ್ ಒಂದೇ ಒಂದು ದಿನ ಕೆಲಸ ನಿಲ್ಲಿಸಿದರೂ ನಾವು ಆ ಗಡಿಯನ್ನು ಮುಟ್ಟಿಬಿಡುತ್ತೇವೆ.

ಆದುದರಿಂದ ಮೀನನ್ನು ಬೇಸಿಗೆಯ ಲೆಕ್ಕಕ್ಕೆ ಬಿಡಬೇಕು, ಚಳಿಗಾಲದ ಲೆಕ್ಕಕ್ಕಲ್ಲ. ಕೊಯಿ ಎರಡು ಅಡಿಯವರೆಗೂ ಬೆಳೆಯಬಲ್ಲ ಮೀನಾದ್ದರಿಂದ ಒಂದೊಂದಕ್ಕೆ ಕನಿಷ್ಠ 1000 ಲೀಟರ್ ಇರಲಿ. ತಾವರೆ, ನೈದಿಲೆ ಬೆಳೆಸಿ, ಸೊಳ್ಳೆಮರಿ ತಿನ್ನಲಿ ಎಂದು ಹತ್ತಿಪ್ಪತ್ತು ಗಪ್ಪಿ ಮೀನು ಮಾತ್ರ ಬಿಡುವವರಿಗೆ ದೊಡ್ಡ ಫಿಲ್ಟರ್ ಬೇಕಾಗಿಯೇ ಇಲ್ಲ. ಅಂಥವರು ಐದನೆಯ ಹಂತದಲ್ಲಿ ಬರುವ ಗಿಡದ ಪಾತಿಯೊಂದನ್ನೇ ಮಾಡಿಕೊಂಡರೆ ಸಾಕು.

ಎರಡನೆಯ ಹಂತ: ನೀರಿನ ಜಾತಕ ನೋಡಿರಿ

ನಿಮ್ಮ ನೀರು ಎಷ್ಟು ಗಡಸು ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗುವ ಮೊದಲು ಮನೆಯ ಕೂಲರಿನ ಪ್ಯಾಡನ್ನು ನೋಡಿ. ಒಂದು ಬೇಸಿಗೆಯಲ್ಲಿ ಅದರ ಮೇಲೆ ಬಿಳಿ ಹೆಪ್ಪು ಗಟ್ಟಿದ್ದರೆ ನಾಳೆ ನಿಮ್ಮ ಪಂಪಿನ ಚಕ್ರದ ಮೇಲೂ ಅದೇ ಗಟ್ಟುತ್ತದೆ. ಈ ಭಾಗದ ಕೊಳವೆಬಾವಿಗಳ ನೀರು ಬಹುತೇಕ ಗಡಸು. ರಾಯಚೂರು, ಕೊಪ್ಪಳದ ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಫ್ಲೋರೈಡನ್ನು ಕೊಳದ ಫಿಲ್ಟರ್ ತೆಗೆಯುವುದಿಲ್ಲ, ಆ ನಿರೀಕ್ಷೆಯನ್ನು ಮೊದಲೇ ಬಿಡಿ. ಗಡಸುತನದಿಂದ ಒಂದು ಲಾಭವೂ ಉಂಟು: ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೆ ನೀರಿನಲ್ಲಿ ಕಾರ್ಬೊನೇಟ್ ಬೇಕು, ಗಡಸು ನೀರಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಬರವಿರುವುದಿಲ್ಲ.

ಇದಕ್ಕಿಂತ ತೊಡಕಿನದು ಆವಿಯಾಗುವಿಕೆ. ಏಪ್ರಿಲ್–ಮೇ ತಿಂಗಳಲ್ಲಿ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ನೀರು ಇಂಗದೆಯೇ ಇಳಿಯುವುದುಂಟು. ನಮ್ಮ ಎಪ್ಪತ್ತು ಚದರಡಿ ಕೊಳದಲ್ಲಿ ಅದು 65 ಲೀಟರ್, ಅಂದರೆ ನಾಲ್ಕು ಕೊಡಕ್ಕೂ ಮಿಕ್ಕಿ. ಆರಿಹೋಗುವುದು ನೀರು ಮಾತ್ರ, ಉಪ್ಪು ಕೊಳದಲ್ಲೇ ಉಳಿಯುತ್ತದೆ. ದಿನವೂ ಬೋರಿನ ನೀರನ್ನು ಮೇಲಿಂದ ತುಂಬುತ್ತಾ ಹೋದರೆ ಎರಡು ತಿಂಗಳಲ್ಲಿ ಕೊಳದ ನೀರು ಬೋರಿನ ನೀರಿಗಿಂತಲೂ ಸವುಳಾಗುತ್ತದೆ. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ತಳದಿಂದ ತೆಗೆದು ತೆಂಗಿಗೋ ಕರಿಬೇವಿಗೋ ಹರಿಸಿ, ಅಷ್ಟನ್ನು ಹೊಸದಾಗಿ ತುಂಬುವುದೇ ಇದಕ್ಕೆ ಇರುವ ದಾರಿ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹಿಡಿದು ಕೊಳಕ್ಕೆ ಬಿಡಲು ಅನುಕೂಲವಿದ್ದವರು ಮೊದಲ ಮಳೆಯ ಧೂಳು ತೊಳೆದುಹೋದ ಮೇಲೆ ಬಿಡಲಿ.

ಗಂಗಾವತಿ, ಸಿಂಧನೂರು ಕಡೆಯವರಿಗೆ ತುಂಗಭದ್ರೆಯ ಕಾಲುವೆ ನೀರು ಸಿಗುತ್ತದೆ. ಅದು ಬೋರಿನ ನೀರಿಗಿಂತ ಮೆದು. ಆದರೆ ಮಳೆಗಾಲದಲ್ಲಿ ಬರುವ ಹೊಸ ನೀರು ಕೆಂಪಗೆ ರಾಡಿಯಾಗಿರುತ್ತದೆ, ಆ ಜೇಡಿಯ ಕಣಗಳು ಎಂಥ ಸ್ಪಂಜಿನಲ್ಲೂ ನುಸುಳಿ ಹೋಗುವಷ್ಟು ನಯವಾಗಿರುತ್ತವೆ. ಬೇರೆ ತೊಟ್ಟಿಯಲ್ಲಿ ಎರಡು ಮೂರು ದಿನ ನಿಲ್ಲಿಸಿ, ಬೇಕಾದರೆ ಆ ತೊಟ್ಟಿಯಲ್ಲೇ ಪಟಿಕ ತಿರುವಿ, ತಿಳಿಯಾದ ಮೇಲಿನ ನೀರನ್ನಷ್ಟೇ ಕೊಳಕ್ಕೆ ಬಿಡಬೇಕು. ಮೀನಿರುವ ಕೊಳಕ್ಕೆ ನೇರವಾಗಿ ಪಟಿಕ ಹಾಕಬಾರದು. ಗದ್ದೆಯಿಂದ ಬಸಿದು ಹಳ್ಳಕ್ಕೆ ಇಳಿದ ನೀರನ್ನಂತೂ ಮುಟ್ಟಲೇಬೇಡಿ. ನೆಲ್ಲಿಗೆ ಹೊಡೆದ ಔಷಧ ಅದರಲ್ಲಿರುವ ಸಾಧ್ಯತೆ ಹೆಚ್ಚು, ಅದನ್ನು ಹಿಡಿಯುವ ಶಕ್ತಿ ಹಿತ್ತಿಲ ಫಿಲ್ಟರಿಗಿಲ್ಲ. ನಗರದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ತೆರೆದ ತೊಟ್ಟಿಯಲ್ಲಿ ಒಂದೆರಡು ದಿನ ಇಟ್ಟು ಬಳಸಿ.

ಮೂರನೆಯ ಹಂತ: ಫಿಲ್ಟರ್ ಮಾಡಬೇಕಾದ ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡಿರಿ

ಕಸ ಹಿಡಿಯುವುದು ಒಂದು ಕೆಲಸ, ಅಮೋನಿಯಾ ಅರಗಿಸುವುದು ಇನ್ನೊಂದು, ಹಸಿರು ನೀರನ್ನು ತಿಳಿಗೊಳಿಸುವುದು ಮತ್ತೊಂದು. ಮಾರಾಟಗಾರರು ಮೂರನ್ನೂ ಒಂದೇ ಮಾತಿನಲ್ಲಿ ‘ನೀರು ಕ್ಲೀನ್ ಆಗುತ್ತದೆ’ ಎನ್ನುತ್ತಾರೆ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿ ಮೀನು ಅಮೋನಿಯಾದಿಂದ ಸಾಯಬಹುದು. ಹಸಿರು ಬಣ್ಣದ ನೀರಿನಲ್ಲಿ ಆರಾಮವಾಗಿಯೂ ಇರಬಹುದು.

ಕಸ ಹಿಡಿಯಲು ಬ್ರಷ್, ಸ್ಪಂಜು, ಜಾಲರಿ, ಗಸಿ ಕೂರುವ ತೊಟ್ಟಿ ಸಾಕು. ಅಮೋನಿಯಾದ ಕೆಲಸವನ್ನು ಬ್ಯಾಕ್ಟೀರಿಯಾಗಳೇ ಮಾಡಬೇಕು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಉಳಿದ ನೈಟ್ರೇಟನ್ನು ಗಿಡದ ಬೇರು ಹೀರಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಮೈ ಬೇಕು, ಉಸಿರಾಡಲು ಆಮ್ಲಜನಕ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸಲು ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಹಿಡಿಯುವ ನೀರು 35 ಡಿಗ್ರಿಯಲ್ಲಿ 7ನ್ನೂ ಹಿಡಿಯಲಾರದು. ಮೀನಿಗೂ ಬ್ಯಾಕ್ಟೀರಿಯಾಕ್ಕೂ ಹೆಚ್ಚು ಉಸಿರು ಬೇಕಾದ ಹೊತ್ತಿನಲ್ಲೇ ನೀರಿನ ಕಣಜ ಬರಿದಾಗಿರುತ್ತದೆ. ನಮ್ಮ ಸೀಮೆಯಲ್ಲಿ ಗಾಳಿ ಆಡುವ ಫಿಲ್ಟರಿಗೆ ಮೊದಲ ಮಣೆ ಹಾಕಬೇಕು ಎನ್ನುವುದು ಇದಕ್ಕೇ.

ಮೂರನೆಯ ಕೆಲಸಕ್ಕೆ ಯುವಿ (ನೇರಳಾತೀತ ಬೆಳಕಿನ) ದೀಪ ಬಳಸುತ್ತಾರೆ. ಅದು ನೀರಿನಲ್ಲಿ ತೇಲುವ ಹಸಿರನ್ನು ಕೊಲ್ಲುತ್ತದೆ, ಕಲ್ಲಿಗೆ ಅಂಟಿದ ಎಳೆಪಾಚಿಗೆ ಅದರಿಂದ ಏನೂ ಆಗದು. 1000 ಲೀಟರಿಗೆ 3–4 ವ್ಯಾಟ್ ಎಂಬುದು ಬಿಸಿಲಿಗೆ ತೆರೆದ ಕೊಳದ ಲೆಕ್ಕ. ಗಡಸು ನೀರಿನಲ್ಲಿ ದೀಪದ ಗಾಜಿನ ಕವಚಕ್ಕೆ ಬೇಗ ಬಿಳಿ ಪದರ ಕಟ್ಟಿ ಬೆಳಕು ಹೊರಗೆ ಬರುವುದೇ ಇಲ್ಲ. ತಿಂಗಳಿಗೊಮ್ಮೆ ವಿನೆಗರಿನಲ್ಲಿ ಒರೆಸಬೇಕು, ವರ್ಷಕ್ಕೊಮ್ಮೆ ದೀಪ ಬದಲಿಸಬೇಕು. ನನ್ನ ಮಟ್ಟಿಗೆ ಇದು ಕೊನೆಯಲ್ಲಿ ಕೊಳ್ಳಬೇಕಾದ ವಸ್ತು. ನೈದಿಲೆಯ ಎಲೆಗಳು ಅರ್ಧಕ್ಕಿಂತ ಹೆಚ್ಚು ನೀರನ್ನು ಮುಚ್ಚಿದರೆ, ಅಥವಾ ಸಸಿಮಡಿಗೆ ಕಟ್ಟುವ ಹಸಿರು ನೆರಳು ಪರದೆಯನ್ನು ಮಾರ್ಚಿಯಿಂದ ಜೂನ್‌ವರೆಗೆ ಎಳೆದರೆ ದೀಪದ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ, ನೀರೂ ತಂಪಾಗಿರುತ್ತದೆ.

ನಾಲ್ಕನೆಯ ಹಂತ: ಬಗೆಗಳನ್ನು ತೂಗಿ ನೋಡಿರಿ

ನೀರೊಳಗೆ ಮುಳುಗಿಸುವ ಸ್ಪಂಜಿನ ಪೆಟ್ಟಿಗೆ ಎಲ್ಲಕ್ಕಿಂತ ಅಗ್ಗ. ಸಾವಿರ ಲೀಟರಿನ ತೊಟ್ಟಿಗೆ ಸರಿ; ಅದಕ್ಕಿಂತ ದೊಡ್ಡದಕ್ಕೆ ವಾರಕ್ಕೆರಡು ಬಾರಿ ತೊಳೆಯುವ ಚಾಕರಿ ಮಾಡಬೇಕಾಗುತ್ತದೆ.

ಒತ್ತಡದ ಮುಚ್ಚಿದ ಫಿಲ್ಟರ್ ಚಿಕ್ಕದು, ನೆಲದಲ್ಲಿ ಅರ್ಧ ಹೂತು ಮರೆಮಾಡಬಹುದು, ಹಿಡಿಕೆ ತಿರುಗಿಸಿದರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆದರೆ ಒಳಗೆ ಗಾಳಿಯಿಲ್ಲ. ಕರೆಂಟ್ ಹೋಗಿ ಕೆಲವು ತಾಸು ಕಳೆದರೆ ಬ್ಯಾಕ್ಟೀರಿಯಾಗಳು ಇರುವ ಆಮ್ಲಜನಕ ಮುಗಿಸಿ ಸಾಯತೊಡಗುತ್ತವೆ. ಇನ್ವರ್ಟರ್ ಮೇಲೆ ಪಂಪು ಓಡಿಸುವ ಏರ್ಪಾಡು ಇದ್ದವರು ಮಾತ್ರ ಇದನ್ನು ಕೊಳ್ಳಲಿ. ಈಜುಕೊಳದ ಮರಳಿನ ಫಿಲ್ಟರನ್ನು ಮೀನಿನ ಕೊಳಕ್ಕೆ ಹಾಕಬೇಡಿ. ಮೀನಿನ ಗಸಿ ಮರಳನ್ನು ಕೆಲವೇ ದಿನಗಳಲ್ಲಿ ಮುದ್ದೆ ಮಾಡುತ್ತದೆ. ತಾನಾಗಿ ಜಾಲರಿ ತೊಳೆದುಕೊಳ್ಳುವ ತಿರುಗು ಉರುಳೆಯ ಫಿಲ್ಟರ್ ಒಳ್ಳೆಯದೇ, ಬೆಲೆಯೂ ಅಷ್ಟೇ. ಹತ್ತಾರು ದೊಡ್ಡ ಕೊಯಿ ಸಾಕುವವರ ವಿಷಯ ಅದು.

ಜಲ್ಲಿ ತುಂಬಿದ ತೂತಿನ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿಂದ ನೀರು ಸುರಿಸುವ ಗೋಪುರದ ಬಗೆ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದಂತಿದೆ. ನೀರು ತೆಳುವಾಗಿ ಇಳಿಯುವಾಗ ಗಾಳಿಯ ಆಮ್ಲಜನಕ ಸೇರುತ್ತದೆ. ಮೇಲಾಗಿ ಕೂಲರ್ ಕೋಣೆಯನ್ನು ತಂಪಾಗಿಸುವ ಅದೇ ತತ್ವದಲ್ಲಿ ಕೊಳವೂ ತಂಪಾಗುತ್ತದೆ. ಇದರಲ್ಲಿ ನೀರು ಹೆಚ್ಚು ಆರುತ್ತದೆ, ಬುಟ್ಟಿಗಳಿಗೆ ಸುಣ್ಣದ ಹೆಪ್ಪು ಕಟ್ಟುತ್ತದೆ, ಎತ್ತರಕ್ಕೆ ನೀರೇರಿಸಲು ಪಂಪು ಹೆಚ್ಚು ದುಡಿಯಬೇಕು. ನೀರಿಗೆ ಬರವಿಲ್ಲದವರು ಧೈರ್ಯವಾಗಿ ಮಾಡಿಕೊಳ್ಳಬಹುದು.

ಉಳಿದವರಿಗೆ, ಅಂದರೆ ನಾಲ್ಕರಿಂದ ಹತ್ತು ಸಾವಿರ ಲೀಟರಿನ ಕೊಳ, ಮಿತವಾದ ಮೀನು, ಬೋರಿನ ನೀರು ಇರುವ ಬಹುಪಾಲು ಹಿತ್ತಿಲಿಗೆ, ತೆರೆದ ಡ್ರಮ್ಮು ಮತ್ತು ಅದರ ಮುಂದೆ ಜಲ್ಲಿ ತುಂಬಿದ ಗಿಡದ ಪಾತಿ ಎಂಬ ಜೋಡಿಯನ್ನೇ ನಾನು ಹೇಳುವುದು. ಬೇಕಾದ ಸಾಮಾನೆಲ್ಲ ಊರಲ್ಲೇ ಸಿಗುತ್ತದೆ. ಕೆಟ್ಟರೆ ರಿಪೇರಿ ಮಾಡಲು ಪ್ಲಂಬರ್ ಸಾಕು.

ಐದನೆಯ ಹಂತ: ಡ್ರಮ್ಮು ಮತ್ತು ಪಾತಿಯನ್ನು ಕಟ್ಟಿರಿ

200 ಲೀಟರಿನ ಎರಡು ನೀಲಿ ಡ್ರಮ್ಮು ತನ್ನಿ. ಹಿಂದೆ ಅದರಲ್ಲಿ ಏನಿತ್ತೆಂದು ಕೇಳದೆ ತರಬೇಡಿ. ಕೀಟನಾಶಕವಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಮೊದಲ ಡ್ರಮ್ಮಿಗೆ ಪಂಪಿನ ಪೈಪು ತಳದ ಹತ್ತಿರ, ಗೋಡೆಗೆ ಓರೆಯಾಗಿ ಸೇರಲಿ. ನೀರು ಸುತ್ತುತ್ತಾ ನಿಧಾನವಾಗಿ ಗಸಿ ಕೆಳಗೆ ಕೂರುತ್ತದೆ, ಮೇಲ್ಭಾಗದಲ್ಲಿ ನೇತುಹಾಕಿದ ಬ್ರಷ್‌ಗಳು ಉಳಿದ ಕಸವನ್ನು ಹಿಡಿಯುತ್ತವೆ. ಎರಡನೆಯ ಡ್ರಮ್ಮಿನಲ್ಲಿ ತಳದಿಂದ ಅರ್ಧ ಅಡಿ ಬಿಟ್ಟು ಜಾಲರಿಯಿಟ್ಟು, ಅದರ ಮೇಲೆ ಪಾತ್ರೆ ಉಜ್ಜುವ ನೈಲಾನ್ ಉಂಡೆಗಳನ್ನಾಗಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳಲೆಂದು ಅಂಗಡಿಯಲ್ಲಿ ಮಾರುವ ಪುಟ್ಟ ಪ್ಲಾಸ್ಟಿಕ್ ಗಾಲಿಗಳನ್ನಾಗಲಿ ತುಂಬಿ, ನೀರು ಕೆಳಗಿನಿಂದ ಮೇಲಕ್ಕೆ ಏರುವಂತೆ ಮಾಡಿ. ಸೋಪು ಸೇರಿದ ಉಜ್ಜುಗ ಬೇಡ. ಎರಡಕ್ಕೂ ತಳದಲ್ಲಿ ಗಸಿ ಬಿಡುವ ವಾಲ್ವ್ ಇರಲೇಬೇಕು. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ: ಪಂಪಿನ ನೀರು ಒಂದಿಂಚಿನ ಪೈಪಿನಲ್ಲಿ ರಭಸದಿಂದ ಬರುತ್ತದೆ, ಹೊರಗೆ ಹೋಗುವ ನೀರಿಗಾದರೋ ತನ್ನ ಭಾರ ಬಿಟ್ಟರೆ ತಳ್ಳುವವರಿಲ್ಲ, ಹೊರದಾರಿಯೂ ಒಂದಿಂಚೇ ಆದರೆ ಡ್ರಮ್ಮು ತುಂಬಿ ಚೆಲ್ಲಿ ರಾತ್ರೋರಾತ್ರಿ ಕೊಳ ಅರ್ಧ ಖಾಲಿಯಾಗುತ್ತದೆ. ಹೊರಪೈಪು ಎರಡಿಂಚಿಗೆ ಕಡಿಮೆ ಇರದಿರಲಿ.

ಗಿಡದ ಪಾತಿ ಕೊಳದ ವಿಸ್ತೀರ್ಣದ ಶೇ. 15–20ರಷ್ಟಿದ್ದರೆ ಚೆನ್ನ, ನಮ್ಮ ಕೊಳಕ್ಕೆ ಆರು ಅಡಿ ಉದ್ದ, ಎರಡು ಅಡಿ ಅಗಲ. ನೀರು ಅದರಿಂದ ಉಕ್ಕಿ ಕೊಳಕ್ಕೆ ಬೀಳುವಂತೆ ಪಾತಿಯ ಅಂಚು ಕೊಳಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ. ಇಟ್ಟಿಗೆಯಲ್ಲಿ ಕಟ್ಟಿ ಒಳಗೆ ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನಿನ ಹಾಳೆ ಹಾಸಿರಿ. ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗೆ ಉಬ್ಬುವ ನೆಲವಾದ್ದರಿಂದ ಬರಿಯ ಸಿಮೆಂಟ್ ಗಾರೆ ಸೀಳದೆ ಉಳಿಯುವುದು ಅಪರೂಪ. ಸಿಮೆಂಟ್ ಗಿಲಾವೇ ಮಾಡಿದರೆ, ಮೀನು ಬಿಡುವ ಮೊದಲು ಪಾತಿಯನ್ನೂ ಕೊಳವನ್ನೂ ಹಲವು ಬಾರಿ ತುಂಬಿ ಖಾಲಿ ಮಾಡಿ ಸುಣ್ಣದಂಶ ತೊಳೆದುಹೋಗಲು ಬಿಡಬೇಕು. ತಳದಲ್ಲಿ, ಎರಡನೆಯ ಡ್ರಮ್ಮಿನ ನೀರು ಬಂದು ಸೇರುವ, ತೂತು ಕೊರೆದ ಎರಡಿಂಚಿನ ಪಿವಿಸಿ ಪೈಪು, ಅದರ ಸುತ್ತ 40 ಎಂಎಂ ಜಲ್ಲಿ, ಮೇಲೆ ಒಟ್ಟು ಒಂದು ಅಡಿಯಾಗುವವರೆಗೆ 12 ಎಂಎಂ ಜಲ್ಲಿ. ಜಲ್ಲಿಪುಡಿ ಸಂಪೂರ್ಣ ಹೋಗುವವರೆಗೆ ತೊಳೆಯಿರಿ. ನಮ್ಮ ಕ್ರಷರುಗಳಲ್ಲಿ ಸಿಗುವ ಗ್ರಾನೈಟ್ ಜಲ್ಲಿ ನೀರಿಗೆ ಏನೂ ಬಿಡುವುದಿಲ್ಲ. ಸಂಶಯ ಬಂದ ಕಲ್ಲಿನ ಮೇಲೆ ವಿನೆಗರ್ ಹನಿಸಿ, ನೊರೆ ಬಂದರೆ ಅದು ಸುಣ್ಣದ ಕಲ್ಲು, ಬದಿಗಿಡಿ. ಒಂದು ಮೂಲೆಯಲ್ಲಿ ತಳದವರೆಗೆ ಇಳಿದ ನಾಲ್ಕಿಂಚಿನ ನಿಲುವು ಪೈಪು ಬಿಡುವುದನ್ನು ಮರೆಯಬೇಡಿ. ಮುಂದೆ ತಳದ ಗಸಿ ಎಳೆದುಹಾಕಲು ಅದೊಂದೇ ದಾರಿ.

ಮಣ್ಣು ಹಾಕಬಾರದು. ಬೇರನ್ನು ಚೆನ್ನಾಗಿ ತೊಳೆದು ಕ್ಯಾನಾ, ಬಜೆ, ಕೆಸುವು ಇವನ್ನು ನೇರವಾಗಿ ಜಲ್ಲಿಯಲ್ಲೇ ನೆಡಿ. ಕ್ಯಾನಾ ನಮ್ಮ ಬಿಸಿಲನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಜೊಂಡು ಬೇಡವೆನ್ನುತ್ತೇನೆ, ಅದರ ಬೇರಿನ ಮೊನೆ ಹಾಳೆಯನ್ನೇ ತೂತು ಮಾಡಬಲ್ಲದು.

ಆರನೆಯ ಹಂತ: ಪಂಪು

ಮೀನು ಕಡಿಮೆಯಿದ್ದರೆ ಎರಡು ತಾಸಿಗೊಮ್ಮೆ, ಕೊಯಿ ಇದ್ದರೆ ತಾಸಿಗೊಮ್ಮೆ ಕೊಳದ ನೀರೆಲ್ಲ ಫಿಲ್ಟರ್ ಹಾಯಬೇಕು. ನಮ್ಮ ಕೊಳಕ್ಕೆ ತಾಸಿಗೆ 2500 ಲೀಟರ್ ಎಂದಾಯಿತು. ಪಂಪಿನ ಮೇಲೆ ಬರೆದ ಅಂಕಿ ನೀರನ್ನು ಸ್ವಲ್ಪವೂ ಮೇಲೆತ್ತದಿದ್ದಾಗಿನದು. ಮೂರು ಮೀಟರ್ ಗರಿಷ್ಠ ಎತ್ತರದ, 5000 ಲೀಟರಿನ ಪಂಪು ಒಂದೂವರೆ ಮೀಟರ್ ಎತ್ತಿದರೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಕೂರಿಸಿದ ಮೇಲೆ ಪರೀಕ್ಷಿಸುವುದು ಸುಲಭ: 15 ಲೀಟರಿನ ಕೊಡವನ್ನು ಪೈಪಿನ ಬಾಯಿಗೆ ಹಿಡಿಯಿರಿ, 20 ಸೆಕೆಂಡಿನಲ್ಲಿ ತುಂಬಿದರೆ ತಾಸಿಗೆ 2700 ಲೀಟರ್ ಹರಿಯುತ್ತಿದೆ.

40 ವ್ಯಾಟಿನ ಪಂಪು ಹಗಲಿರುಳು ಓಡಿದರೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 29. ಗೃಹಜ್ಯೋತಿಯ ಫಲಾನುಭವಿಗಳು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಕೂಲರ್, ಫ್ಯಾನಿನ ಜೊತೆ ಇದೂ ಸೇರಿ ಬಳಕೆ 200 ದಾಟಿದರೆ ಇಡೀ ಬಿಲ್ಲು ತಲೆಗೆ ಬರುತ್ತದೆ. ದುಡ್ಡು ಉಳಿಸಲೆಂದು ರಾತ್ರಿ ಪಂಪು ನಿಲ್ಲಿಸುವವರಿದ್ದಾರೆ. ಗಿಡ ಮತ್ತು ಪಾಚಿ ರಾತ್ರಿಯಲ್ಲಿ ಆಮ್ಲಜನಕ ಕೊಡುವುದಿಲ್ಲ, ತಾವೇ ಬಳಸುತ್ತವೆ. ನಸುಕಿನಲ್ಲಿ ಕೊಳದ ಉಸಿರು ಎಲ್ಲಕ್ಕಿಂತ ಕಡಿಮೆ. ನಿಲ್ಲಿಸಬಾರದ ಹೊತ್ತಿದ್ದರೆ ಅದು ರಾತ್ರಿಯೇ. ನೀರೊಳಗಿನ ಪಂಪಿನ ಲೈನಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಯಾರೂ ಕೊಳಕ್ಕೆ ಕೈ ಹಾಕಕೂಡದು.

ಏಳನೆಯ ಹಂತ: ಕರೆಂಟ್ ಇಲ್ಲದ ತಾಸುಗಳು

ಪಂಪಿನ ಬದಲು ಐದು ವ್ಯಾಟಿನ ಗಾಳಿಪಂಪೊಂದನ್ನು ಮನೆಯ ಇನ್ವರ್ಟರ್ ಲೈನಿಗೆ ಹಾಕಿದರೆ ಮೀನಿನ ಜೀವ ಉಳಿಯುತ್ತದೆ. ಅದರ ಒಂದು ಕೊಳವೆ ಕೊಳಕ್ಕೆ, ಇನ್ನೊಂದು ಎರಡನೆಯ ಡ್ರಮ್ಮಿನ ತಳಕ್ಕೆ ಹೋದರೆ ಬ್ಯಾಕ್ಟೀರಿಯಾಗಳೂ ಬದುಕುತ್ತವೆ. ಅಂದು ಮೇವು ಹಾಕಬೇಡಿ. ಐದಾರು ತಾಸಿಗಿಂತ ಹೆಚ್ಚು ಪಂಪು ನಿಂತಿತ್ತಾದರೆ ಕರೆಂಟ್ ಬಂದೊಡನೆ ಅದು ತಾನಾಗಿ ಓಡದಂತೆ ಸ್ವಿಚ್ ಆರಿಸಿಟ್ಟು, ಡ್ರಮ್ಮುಗಳ ತಳದ ವಾಲ್ವ್ ತೆರೆದು ಹಳೆಯ ನೀರನ್ನೆಲ್ಲ ಗಿಡಗಳಿಗೆ ಬಿಟ್ಟು, ಪಾತಿಯ ನಿಲುವು ಪೈಪಿನಿಂದಲೂ ನೀರನ್ನು ಎಳೆದುಹಾಕಿ, ಆಮೇಲೆ ಪಂಪು ಹಾಕಬೇಕು. ಎಂಟು ಮೀನುಗಳನ್ನು ಕಳೆದುಕೊಂಡು ಕಲಿತದ್ದಿದು.

ಎಂಟನೆಯ ಹಂತ: ಹಣ್ಣಾಗಲು ಬಿಡಿ, ಆಮೇಲೆ ನೋಡಿಕೊಳ್ಳಿ

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಎರಡು ಮೂರು ಮೀನು, ಚಿಟಿಕೆ ಮೇವು. ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯ ಕಿಟ್ಟಿನಲ್ಲಿ ಎರಡೂ ಸೊನ್ನೆಗೆ ಇಳಿದ ಮೇಲಷ್ಟೇ ಉಳಿದವು. ಪರಿಚಯದವರ ಹಳೆಯ ಕೊಳದಿಂದ ಒಂದು ಹಿಡಿ ಕೊಳಕು ಬ್ರಷ್ಷನ್ನೋ ಜಲ್ಲಿಯನ್ನೋ ಹೆಪ್ಪಿನಂತೆ ತಂದು ಡ್ರಮ್ಮಿಗೆ ಹಾಕಿದರೆ ಕೆಲಸ ಬೇಗ ಆಗುತ್ತದೆ. ಆ ಕೊಳದಲ್ಲಿ ಮೀನಿನ ರೋಗ ಇರಕೂಡದು ಅಷ್ಟೆ.

ಮೊದಲ ಡ್ರಮ್ಮಿನ ಗಸಿಯನ್ನು ವಾರಕ್ಕೊಮ್ಮೆ ಬಿಡಿ. ಎರಡನೆಯದನ್ನು ಎರಡು ಮೂರು ತಿಂಗಳಿಗೊಮ್ಮೆ, ಅದೂ ಕೊಳದ ನೀರಿನಲ್ಲೇ, ಅರ್ಧರ್ಧವಾಗಿ ಜಾಲಿಸಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಬೆಳ್ಳಗೆ ತೊಳೆದರೆ ತಿಂಗಳ ಸಂಪಾದನೆ ಒಂದು ಗಳಿಗೆಯಲ್ಲಿ ಹೋಗುತ್ತದೆ. ಬೇವು ಎಲೆ ಉದುರಿಸುವಾಗ, ಹೊಂಗೆ ಹೂ ಚೆಲ್ಲುವಾಗ ಕೊಳದ ಮೇಲೆ ಬಲೆ ಎಳೆಯಿರಿ. ಸಂಡೂರು, ಬಳ್ಳಾರಿಯ ಗಣಿ ರಸ್ತೆಯ ಬದಿಯವರು ಕೆಂಪು ಧೂಳಿನ ದೆಸೆಯಿಂದ ಬ್ರಷ್‌ಗಳನ್ನು ಇಮ್ಮಡಿ ಬಾರಿ ಒದರಬೇಕಾಗುತ್ತದೆ. ಹಿತ್ತಿಲ ಗಿಡಕ್ಕೆ ಬೇವಿನೆಣ್ಣೆ ಸಿಂಪಡಿಸುವಾಗ ಗಾಳಿ ಕೊಳದ ಕಡೆ ಬೀಸುತ್ತಿಲ್ಲವೆಂದು ನೋಡಿಕೊಳ್ಳಿ. ಅದು ಮೀನಿಗೆ ಒಗ್ಗದು. ಪಂಪಿನ ಚಕ್ರವನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ.

ಪಾತಿಯ ಕ್ಯಾನಾವನ್ನು ಆಗಾಗ ಸವರಿ ಹೊರಹಾಕದಿದ್ದರೆ ಅದು ಹೀರಿದ ಸಾರವೆಲ್ಲ ಕೊಳೆತು ಮರಳಿ ನೀರಿಗೇ ಬರುತ್ತದೆ. ಮೂರು ನಾಲ್ಕು ವರ್ಷಕ್ಕೆ ಬೇರು ಹೆಣೆದು ನೀರು ಅಂಚಿನ ಮೇಲಿಂದ ಸರಿಯಾಗಿ ಉಕ್ಕದಂತಾದಾಗ ಪಾತಿಯ ಒಂದು ಅರ್ಧದ ಜಲ್ಲಿಯನ್ನು ಮಾತ್ರ ತೆಗೆದು ತೊಳೆಯಿರಿ. ಇನ್ನೊಂದು ಅರ್ಧಕ್ಕೆ ಆರು ವಾರ ಬಿಟ್ಟು ಕೈ ಹಾಕಿರಿ. ಈ ಕೆಲಸವನ್ನು ನವೆಂಬರಿನಲ್ಲಿ, ನೀರು ತಣ್ಣಗಿದ್ದು ಮೀನು ಮೇವನ್ನು ಕಡಿಮೆ ಮಾಡಿದಾಗ ಇಟ್ಟುಕೊಳ್ಳಿ. ಏಪ್ರಿಲಿನಲ್ಲಿ ಪಾತಿಯನ್ನು ಕೆದಕಬೇಡಿ.